ಎಲ್ಲವೂ ಜಕಣಾಚಾರಿಯದೆ?

ಗದಗಿನ ಸೀಮೆಯಲ್ಲಿ ಹಳೆಯ ಶಿಲ್ಪವೆಂಬುದು ಅಪರೂಪದ ವಸ್ತುವಲ್ಲ. ಊರೊಳಗೇ ತ್ರಿಕೂಟೇಶ್ವರನ ದೇಗುಲವಿದೆ. ಅದರ ಆವರಣದಲ್ಲಿಯೇ ಸರಸ್ವತಿಯ ಗುಡಿಯಿದೆ. ಎರಡು ಮೂರು ಹರದಾರಿ ನಡೆದರೆ ಲಕ್ಕುಂಡಿ. ಇನ್ನಷ್ಟು ದೂರ ಹೋದರೆ ಡಂಬಳ. ಬೇರೊಂದು ದಾರಿ ಹಿಡಿದರೆ ಲಕ್ಷ್ಮೇಶ್ವರ. ಬೇರೆ ನಾಡಿನಲ್ಲಾಗಿದ್ದರೆ ಗಾಜಿನ ಪೆಟ್ಟಿಗೆಯೊಳಗೆ ಕೂಡಬೇಕಾಗಿದ್ದ ಕಲ್ಲು ಇಲ್ಲಿ ಬಾವಿಯ ದಂಡೆಗೋ ಹೊಲದ ಬದುವಿಗೋ ಒರಗಿಕೊಂಡಿರುತ್ತದೆ. ದಿನವೂ ಕಣ್ಣಿಗೆ ಬೀಳುವ ಸಂಪತ್ತಿಗೆ ಬೆಲೆ ಕಟ್ಟುವವರು ಯಾರು?

ಕೆಲವು ತಿಂಗಳ ಹಿಂದೆ ಗದಗ ತಾಲೂಕಿನ ಹೊಂಬಳಕ್ಕೆ ಆಪ್ತರ ಮನೆಯ ಕಾರ್ಯಕ್ಕಾಗಿ ಹೋಗಿದ್ದೆ. ಊಟವಾಗಿ ಅಡಿಕೆ-ಎಲೆಯ ತಟ್ಟೆ ಸುತ್ತುತ್ತಿದ್ದಾಗ, ನಾನು ಹಳೆಯ ಗುಡಿಗಳನ್ನು ನೋಡುತ್ತ ತಿರುಗುವವನೆಂದು ಯಾರೋ ಹೇಳಿರಬೇಕು, ಹಿರಿಯರೊಬ್ಬರು ಬಂದು ಕೈಹಿಡಿದು ಎಬ್ಬಿಸಿದರು. ಊರ ಹೊರಗೆ, ಒಂದು ಬೇವಿನ ಮರದ ಬುಡಕ್ಕೆ ನನ್ನನ್ನು ಕರೆದೊಯ್ದರು. ಅಲ್ಲಿ ಎರಡೂವರೆ ಮೊಳದ ಒಂದು ನಿಂತ ವಿಗ್ರಹ. ಎಣ್ಣೆ ಹತ್ತಿ ಹತ್ತಿ ಮುಖವೆಲ್ಲ ಕರ್ರಗೆ ಮಿರುಗುತ್ತಿತ್ತು. ನಾಲ್ಕು ಕೈಗಳಲ್ಲಿ ಮೂರು ಮುರಿದಿದ್ದವು.

“ಇದು ಜಕಣಾಚಾರಿ ಕಡದ ಮೂರ್ತಿರೀ,” ಎಂದರು ಹಿರಿಯರು. “ನೀವು ಓದಿದವರು. ನೋಡಿ, ಹೌದಂತ ಒಂದು ಚೀಟಿ ಬರದಕೊಡ್ರಿ. ಜಾತ್ರಿಗೆ ಬಣ್ಣಾ ಹಚ್ಚಿಸಿ, ಕೆಳಗ ಪೀಠದ ಮ್ಯಾಲ ಅವನ ಹೆಸರು ಬರಸಬೇಕಂತ ಮಾಡೇವಿ.”

“ಅಜ್ಜಾರ, ಚೀಟಿ ಆಮ್ಯಾಲ ಬರಿಯೂಣಂತ. ಮೊದಲ ಮೂರ್ತಿನ್ನ ನೋಡೂಣು,” ಎಂದೆ.

ಮಾತು ಹಗುರಾಗಿ ಬಂದಿತಾದರೂ ಮನಸ್ಸು ಹಗುರಾಗಿರಲಿಲ್ಲ. ಅವರು ನನ್ನಿಂದ ಕೇಳಿದ್ದು ಒಂದು ಚೀಟಿ ಮಾತ್ರ. ಆದರೆ ಆ ಚೀಟಿಯ ಬಲದಿಂದ ಪೀಠದ ಮೇಲೆ ಏರುವ ಹೆಸರು ಮುಂದಿನ ತಲೆಮಾರಿನವರ ಪಾಲಿಗೆ ಇತಿಹಾಸವಾಗಿಬಿಡುತ್ತದೆ.

ಜಕಣಾಚಾರಿಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಹೆಂಡತಿಯನ್ನು ಬಿಟ್ಟು ಹೊರಟ ಶಿಲ್ಪಿ. ತಂದೆಯನ್ನು ಹುಡುಕಿಕೊಂಡು ಬಂದ ಮಗ ಡಂಕಣ. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಆ ಹುಡುಗ ಹೇಳಿದ್ದು. ಕಲ್ಲಿನೊಳಗಿಂದ ಕಪ್ಪೆ ಹೊರಬಿದ್ದದ್ದು. ಪಂಥ ಸೋತ ತಂದೆ ತನ್ನ ಬಲಗೈಯನ್ನೇ ಕಡಿದುಕೊಂಡದ್ದು. ಕೈದಾಳದಲ್ಲಿ ಗುಡಿ ಕಟ್ಟಿದಾಗ ಕೈ ಮತ್ತೆ ಬಂದದ್ದು. ಇದನ್ನು ಅಜ್ಜಿಯರ ಬಾಯಿಂದ ಕೇಳಿದ್ದೇವೆ, ೧೯೬೪ರಲ್ಲಿ ಬಿ. ಎಸ್. ರಂಗಾ ಅವರು ತೆಗೆದ ಬಣ್ಣದ ಚಿತ್ರದಲ್ಲಿ ಕಂಡಿದ್ದೇವೆ. ಶಿಲ್ಪಿಗಳಿಗೆ ರಾಜ್ಯ ಸರಕಾರವು ಕೊಡುವ ಪ್ರಶಸ್ತಿಯೂ ಅವನ ಹೆಸರಿನದೇ. ಕಥೆ ಸೊಗಸಾಗಿದೆ, ಅದನ್ನು ಬಿಡಬೇಕೆಂದು ನಾನು ಹೇಳುವವನಲ್ಲ. ಆದರೆ ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರು ಎಲ್ಲಿಯೂ ಇಲ್ಲ. ‘ದಕ್ಷಿಣಾಚಾರ್ಯ’ ಎಂಬ ಮಾತೇ ಜನರ ಬಾಯಲ್ಲಿ ಸವೆದು ‘ಜಕಣಾಚಾರಿ’ ಆಗಿರಬಹುದೆಂದು ಕೆಲವರ ಊಹೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿದರೂ ಸಾಕು. ಲಕ್ಕುಂಡಿಯ ಬ್ರಹ್ಮಜಿನಾಲಯವು ದಾನಚಿಂತಾಮಣಿ ಅತ್ತಿಮಬ್ಬೆಯ ಧರ್ಮಕಾರ್ಯ. ಅದರ ಶಾಸನದ ಕಾಲ ೧೦೦೭. ಇಟಗಿಯ ಮಹಾದೇವಾಲಯದ್ದು ೧೧೧೨. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ೧೧೧೭. ಸೋಮನಾಥಪುರದ ಕೇಶವಾಲಯ ೧೨೬೮. ಇವೆಲ್ಲವನ್ನೂ ಜನರು ಒಂದಲ್ಲ ಒಂದು ಕಡೆ ಜಕಣಾಚಾರಿಗೇ ಒಪ್ಪಿಸುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ೨೬೧ ವರ್ಷ! ಯಾವ ಮಹಾಶಿಲ್ಪಿಯ ಆಯುಸ್ಸೂ ಅಷ್ಟು ದೀರ್ಘವಾಗಿರಲಾರದು.

ಇದರಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವಿದೆ. ನಿಜವಾಗಿ ಉಳಿ ಹಿಡಿದವರು ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಕೊರೆದಿಟ್ಟು ಹೋಗಿದ್ದಾರೆ. ಕಥೆಯ ಒಬ್ಬ ಶಿಲ್ಪಿಯನ್ನು ಹೊಗಳುವ ಭರದಲ್ಲಿ ನಾವು ಆ ಹತ್ತಾರು ಜನರನ್ನು ಮರೆತಿದ್ದೇವೆ. ಭಾರತದ ಶಿಲ್ಪಿಗಳು ಅಹಂಕಾರವಿಲ್ಲದೆ ಅನಾಮಿಕರಾಗಿ ಉಳಿದರೆಂದು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಕನ್ನಡನಾಡಿನ ಮಟ್ಟಿಗಂತೂ ಆ ಮಾತು ನಿಲ್ಲುವುದಿಲ್ಲ. ಎಂಟನೆಯ ಶತಮಾನದಷ್ಟು ಹಿಂದೆಯೇ ಪಟ್ಟದಕಲ್ಲಿನಲ್ಲಿ, ರಾಣಿ ಲೋಕಮಹಾದೇವಿಯ ದೇಗುಲವನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ ದೊರೆತ ಬಿರುದು ಬಾವಲಿಗಳನ್ನು ಶಾಸನವು ಹೇಳುತ್ತದೆ. ಸರ್ವಸಿದ್ಧಿ ಆಚಾರಿಯ ಹೆಸರೂ, ಅವನ ಪರಂಪರೆಯ ರೇವಡಿ ಓವಜ್ಜನ ಹೆಸರೂ ಅಲ್ಲಿವೆ. ಬೇಲೂರಿಗೆ ಬಂದರೆ ಪೀಠಪೀಠದಲ್ಲಿಯೂ ರೂವಾರಿಗಳ ಮಾತು. ‘ರೂವಾರಿ’ ಎಂದರೆ ರೂಪವನ್ನು ಮಾಡುವವನು, ಶಿಲ್ಪಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ಚಿಕ್ಕಹಂಪ, ಪದರಿ ಮಲ್ಲೋಜ. ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವನೆಂಬ ಅರ್ಥದ ಬಿರುದನ್ನು ಚಾವಣನು ಧರಿಸಿದ್ದ. ಇದು ಅನಾಮಿಕನಾಗಿ ಉಳಿಯಬಯಸಿದವನ ಮಾತೆ?

ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಬೇಲೂರಿನ ಗುಡಿಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಸಹಿಗಳನ್ನೆಲ್ಲ ಕೂಡಿಸಿ ಕೊಟ್ಟರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಷ. ಶೆಟ್ಟರ್ ಅವರು ಈ ರೂವಾರಿಗಳ ಬದುಕನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಬೇಲೂರಿನ ಆ ಪಟ್ಟಿಯಲ್ಲಿ ನಮ್ಮ ಸೀಮೆಯವನೊಬ್ಬನಿದ್ದಾನೆ: ಗದುಗಿನ ಕಾಟೋಜನ ಮಗ ನಾಗೋಜ. ಎತ್ತಿನ ಬಂಡಿಯ ಕಾಲದಲ್ಲಿ, ಹಲವು ದಿನಗಳ ಪ್ರಯಾಣ ಮಾಡಿ, ಇಲ್ಲಿಯ ಒಬ್ಬ ಕಸುಬುದಾರ ಹೊಯ್ಸಳ ವಿಷ್ಣುವರ್ಧನನ ಗುಡಿಗೆ ಹೋಗಿ ದುಡಿದ. ದುಡಿದ ಮೇಲೆ ತನ್ನ ಹೆಸರನ್ನು, ತಂದೆಯ ಹೆಸರನ್ನು, ಊರಿನ ಹೆಸರನ್ನು ಕಲ್ಲಿಗೆ ಒಪ್ಪಿಸಿದ. ಗದಗಿನ ಎಷ್ಟು ಮನೆಗಳಲ್ಲಿ ಇಂದು ನಾಗೋಜನ ಹೆಸರು ಗೊತ್ತಿದೆ?

ಕರ್ತೃ ತಿಳಿಯದ ಉತ್ತಮ ಕೃತಿಯನ್ನೆಲ್ಲ ದೊಡ್ಡ ಹೆಸರೊಂದಕ್ಕೆ ಕಟ್ಟುವುದು ನಮ್ಮ ಜನರ ದೌರ್ಬಲ್ಯ ಮಾತ್ರವಲ್ಲ. ಯುರೋಪಿನ ಪಶ್ಚಿಮ ತೀರದ ತಗ್ಗುನಾಡಿನಲ್ಲಿ, ಇಂದಿನ ಬೆಲ್ಜಿಯಂ ಇರುವಲ್ಲಿ, ಹದಿನೈದನೆಯ ಶತಮಾನದಲ್ಲಿ ಓಕ್ ಮರದ ಹಲಗೆಗಳ ಮೇಲೆ ದೇವರ ಚಿತ್ರಗಳನ್ನು ಬರೆಯುವ ಕಲೆ ಬಹಳ ಎತ್ತರಕ್ಕೆ ಏರಿತ್ತು. ಅಲ್ಲಿ ಯಾನ್ ವಾನ್ ಐಕ್ ಎಂಬವನ ಹೆಸರು ನಮ್ಮ ಜಕಣಾಚಾರಿಯ ಹೆಸರಿನಂತೆ ಹರಡಿತು. ಬ್ರೂಜ್ ನಗರದಲ್ಲಿ ಬರೆದ ‘ಅಂತಿಮ ತೀರ್ಪು’ ಎಂಬ ಮೂರು ಹಲಗೆಯ ಚಿತ್ರವೊಂದನ್ನು ಇಟಲಿಗೆ ಒಯ್ಯುತ್ತಿದ್ದ ಹಡಗನ್ನು ೧೪೭೩ರಲ್ಲಿ ಡಾನ್‌ಜಿಗ್‌ನ ನಾವಿಕನೊಬ್ಬ ಹಿಡಿದು ದೋಚಿದ. ಚಿತ್ರ ಆ ಊರಿನ ಚರ್ಚನ್ನು ಸೇರಿತು. ಅದರ ಮೇಲೆ ಸಹಿಯಿರಲಿಲ್ಲ; ಬಹುಕಾಲ ಅದು ವಾನ್ ಐಕನದೆಂದೇ ಜನರು ನಂಬಿದ್ದರು. ಅದು ಹಾನ್ಸ್ ಮೆಮ್ಲಿಂಗ್ ಎಂಬ ಬೇರೊಬ್ಬ ಕಲಾವಿದನದೆಂದು ಗುರುತಿಸಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು. ಡಾನ್‌ಜಿಗ್ ಈಗ ಪೋಲೆಂಡಿನ ಗ್ಡಾನ್ಸ್ಕ್. ಚಿತ್ರ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ನಾಡಿನ ಘೆಂಟ್ ನಗರದಲ್ಲಿ ೧೪೩೨ರ ದೊಡ್ಡ ವೇದಿಕಾಚಿತ್ರವಿದೆ. ಅದನ್ನು ಅಣ್ಣನಾದ ಹ್ಯೂಬರ್ಟ್ ಆರಂಭಿಸಿದನೆಂದೂ ತಮ್ಮನಾದ ಯಾನ್ ಮುಗಿಸಿದನೆಂದೂ ಅದರ ಚೌಕಟ್ಟಿನ ಬರಹ ಹೇಳುತ್ತದೆ. ಎಷ್ಟು ಭಾಗ ಅಣ್ಣನದು, ಎಷ್ಟು ತಮ್ಮನದು ಎಂಬ ಚರ್ಚೆಯಲ್ಲಿ ವಿದ್ವಾಂಸರ ಆಯುಸ್ಸುಗಳೇ ಕಳೆದಿವೆ. ೨೦೧೨ರಲ್ಲಿ ಆರಂಭವಾದ ಶುದ್ಧೀಕರಣದ ಕೆಲಸದಲ್ಲಿ ಒಂದು ವಿಷಯ ಬಯಲಾಯಿತು: ಹೊರಬಾಗಿಲಿನ ಹಲಗೆಗಳಲ್ಲಿ ಜನರು ಶತಮಾನಗಳಿಂದ ನೋಡಿ ಮೆಚ್ಚಿದ ಬಣ್ಣದ ಬಹುಭಾಗವು ಮೂಲ ಕಲಾವಿದರದೇ ಅಲ್ಲ, ಆಮೇಲೆ ಬಂದವರು ಮೇಲೆ ಬಳಿದದ್ದು! ಅದನ್ನು ಕೂದಲೆಳೆಯಷ್ಟು ಎಚ್ಚರದಿಂದ ತೆಗೆದಾಗ ಕೆಳಗೆ ಮೂಲದ ಕೈ ಕಾಣಿಸಿತು. ಬಣ್ಣ ಹಚ್ಚಿದವರಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ಹೊಂಬಳದ ಹಿರಿಯರಂತೆ ಅವರದೂ ಭಕ್ತಿಯೇ ಆಗಿರಬೇಕು.

ಮರದ ಹಲಗೆಯನ್ನು ಪರೀಕ್ಷಿಸುವವರಿಗೆ ಒಂದು ಅನುಕೂಲವುಂಟು. ಮರದ ವರ್ಷಬಳೆಗಳನ್ನು ಎಣಿಸಿ, ಇಂಥ ವರ್ಷಕ್ಕಿಂತ ಮೊದಲು ಈ ಮರವನ್ನು ಕಡಿದಿರಲಾರರೆಂದು ಹೇಳಬಹುದು. ಕಣ್ಣಿಗೆ ಕಾಣದ ಕಿರಣಗಳಿಂದ ಬಣ್ಣದ ಅಡಿಯ ಮೊದಲ ರೇಖೆಗಳನ್ನು ನೋಡಬಹುದು. ನಮ್ಮ ಕಲ್ಲಿಗೆ ವರ್ಷಬಳೆಗಳಿಲ್ಲ. ಆದರೂ ಅದಕ್ಕೆ ನಾಲ್ಕು ಸಾಕ್ಷಿಗಳಿವೆ: ಕಲ್ಲಿನ ಜಾತಿ, ಮೂರ್ತಿಯ ಲಕ್ಷಣ, ಅಕ್ಷರ, ಕೈ.

ಕಲ್ಲಿನ ಜಾತಿ ಮೊದಲನೆಯದು. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿಯಂತಹ ಕಡೆಗಳಲ್ಲಿ ನುಣುಪಾದ, ಹಸುರು ಬೂದಿ ಬಣ್ಣದ ಬಳಪದ ಕಲ್ಲು ಬಳಕೆಗೆ ಬಂದಿತು. ಮೆತ್ತನೆಯ ಆ ಕಲ್ಲಿನಲ್ಲಿ ಉಳಿಯು ಅಕ್ಕಸಾಲಿಗನ ಸಾಧನದಂತೆ ಓಡಬಲ್ಲದು. ಮುಂದೆ ಹೊಯ್ಸಳ ಶಿಲ್ಪದಲ್ಲಿ ನಾವು ಬೆರಗಾಗಿ ನೋಡುವ ಸರ, ಪದಕ, ಗೆಜ್ಜೆಗಳ ಸೂಕ್ಷ್ಮಕ್ಕೆ ಈ ಕಲ್ಲೂ ಕಾರಣ.

ಎರಡನೆಯದು ಲಕ್ಷಣ. ಶಂಖ, ಚಕ್ರ, ಗದೆ, ಪದ್ಮಗಳನ್ನು ನಾಲ್ಕು ಕೈಗಳಲ್ಲಿ ಯಾವ ಕ್ರಮದಲ್ಲಿ ಹಿಡಿದಿದ್ದಾನೆಂಬುದರ ಮೇಲೆ ವಿಷ್ಣುವಿನ ಹೆಸರು ನಿಲ್ಲುತ್ತದೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ೨೪ ಬಗೆಯಾಗಿ ಹೊಂದಿಸಬಹುದು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ ಮೊದಲಾದ ನಾಮಗಳೂ ಇಪ್ಪತ್ತನಾಲ್ಕೇ. ಕೆಳಗಿನ ಬಲಗೈಯಿಂದ ಆರಂಭಿಸಿ ಸುತ್ತುತ್ತ ಪದ್ಮ, ಶಂಖ, ಚಕ್ರ, ಗದೆ ಎಂದಿದ್ದರೆ ಅವನು ಕೇಶವ.

ಮೂರನೆಯದು ಅಕ್ಷರ. ಸಹಿಯಿದ್ದರೆ ಅದರ ಮಾತಿನಂತೆಯೇ ಅದರ ಲಿಪಿಯೂ ಕಾಲವನ್ನು ಹೇಳುತ್ತದೆ. ಅಕ್ಷರದ ತಲೆಕಟ್ಟು, ಬಳುಕು, ಒತ್ತುಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತವೆ. ಬಲ್ಲವರು ಅದನ್ನು ನೋಡಿ ಶತಮಾನವನ್ನು ಹೇಳಬಲ್ಲರು.

ನಾಲ್ಕನೆಯದು ಕೈ. ಇದೇ ಎಲ್ಲಕ್ಕಿಂತ ಕಷ್ಟದ್ದು. ೧೮೭೦ರ ದಶಕದಲ್ಲಿ ಇಟಲಿಯ ಜೊವಾನಿ ಮೊರೆಲ್ಲಿ ಎಂಬವರು ಒಂದು ಉಪಾಯ ಹೇಳಿಕೊಟ್ಟರು. ಮುಖ, ಭಂಗಿಗಳನ್ನು ಯಾರಾದರೂ ಅನುಕರಿಸಿಯಾರು. ಕಿವಿಯ ಹಾಲೆ, ಬೆರಳಿನ ಉಗುರುಗಳಂತಹ ಅಲಕ್ಷ್ಯದ ಜಾಗಗಳಲ್ಲಿ ಕಲಾವಿದನು ತನ್ನ ರೂಢಿಯನ್ನು ತನಗರಿಯದೆ ಬಿಟ್ಟಿರುತ್ತಾನೆ ಎಂದು ಅವರ ವಾದ. ನಮ್ಮಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕೆನ್ನುವವರಿಗೆ ೧೨೪೬ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲ ಒಳ್ಳೆಯ ಪಾಠಶಾಲೆ. ಅಲ್ಲಿ ದಕ್ಷಿಣದ ಗೋಡೆಯ ಶಿಲ್ಪಗಳು ಬೈಚೋಜನವು, ಉತ್ತರದ ಗೋಡೆಯವು ಮಲ್ಲಿತಮ್ಮನವು. ಒಂದೇ ಗುಡಿ, ಒಂದೇ ಕಲ್ಲು, ಒಂದೇ ಕಾಲ. ಕೈ ಮಾತ್ರ ಎರಡು. ಒಂದು ಸುತ್ತು ಪ್ರದಕ್ಷಿಣೆ ಮಾಡಿ ಹೋಲಿಸಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಸಹಿ ಸಿಕ್ಕಿದರೆ ಎಲ್ಲ ಮುಗಿಯಿತೆಂದೂ ತಿಳಿಯಬಾರದು. ಇದೇ ಮಲ್ಲಿತಮ್ಮನನ್ನು ತೆಗೆದುಕೊಳ್ಳಿ. ೧೧೯೬ರ ಅಮೃತಾಪುರದಲ್ಲಿ ಅವನ ಹೆಸರಿದೆ; ೧೨೬೮ರ ಸೋಮನಾಥಪುರದಲ್ಲಿಯೂ ಇದೆ, ಕೆಲವೆಡೆ ಪೂರ್ತಿಯಾಗಿ, ಕೆಲವೆಡೆ ‘ಮಲ್ಲಿ’ ಎಂದು, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವಾಗಿ. ನಡುವೆ ೭೨ ವರ್ಷ. ಹದಿನೈದರ ಹುಡುಗನಾಗಿ ಅಮೃತಾಪುರದಲ್ಲಿ ಉಳಿ ಹಿಡಿದಿದ್ದರೆ ಸೋಮನಾಥಪುರದ ವೇಳೆಗೆ ಅವನಿಗೆ ಎಂಬತ್ತೇಳು. ಒಬ್ಬನೇ ದೀರ್ಘಾಯುಷಿಯೆ? ಅಜ್ಜನ ಹೆಸರನ್ನು ಹೊತ್ತ ಮೊಮ್ಮಗನಿದ್ದನೆ? ಬರೆದ ಹೆಸರೇ ಇಷ್ಟು ವಿಚಾರಕ್ಕೆ ಎಡೆಗೊಡುವಾಗ, ಬರೆಯದ ಹೆಸರನ್ನು ನಾವು ಹಚ್ಚುವುದಕ್ಕೆ ಎಷ್ಟು ಎಚ್ಚರ ಬೇಕು!

ಇನ್ನು ಶಿಲ್ಪದ ಯೋಗ್ಯತೆಯ ಮಾತು. ಹೆಸರು ಸಿಕ್ಕಿದ ಮಾತ್ರಕ್ಕೆ ಕಲ್ಲು ಸುಂದರವಾಗುವುದಿಲ್ಲ. ಸಿಗದ ಮಾತ್ರಕ್ಕೆ ಕುಂದೂ ಆಗುವುದಿಲ್ಲ. ಗದಗಿನ ಸರಸ್ವತಿಯ ಮುಂದೆ ನಿಂತವರನ್ನು ಕೇಳಿ ನೋಡಿ. ಆ ಮೂರ್ತಿ ಭಗ್ನವಾಗಿದೆ. ಆದರೂ ಕುಳಿತ ಭಂಗಿಯ ಸಮಾಧಾನ, ಒಡವೆಗಳ ಕುಸುರಿ, ಅವುಗಳ ಅಡಿಯಲ್ಲಿ ತುಂಬಿದ ಮೈಯ ಮೃದುತ್ವ ಇವುಗಳಿಂದ ಮನಸ್ಸು ತಣಿಯುತ್ತದೆ. ಯಾರ ಕೈಯದೆಂದು ಕೇಳಿ ಆಮೇಲೆ ಮೆಚ್ಚೋಣವೆಂದು ಯಾರೂ ಕಾಯುವುದಿಲ್ಲ.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊಂಬಳದ ಬೇವಿನ ಮರದಡಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತೆ. ಎಣ್ಣೆ ಹತ್ತದ ಬೆನ್ನಿನ ಕಡೆ ನೋಡಿದರೆ ಬಳಪದ ಕಲ್ಲೇ. ಪೀಠದಲ್ಲಿ ಕೈಮುಗಿದು ಕುಳಿತ ಗರುಡ. ಆದ್ದರಿಂದ ವಿಷ್ಣುವೆನ್ನಲು ಅಡ್ಡಿಯಿಲ್ಲ. ಉಳಿದಿದ್ದ ಒಂದೇ ಕೈ ಮೇಲಿನ ಬಲಗೈ, ಅದರಲ್ಲಿ ಶಂಖ. ಇಪ್ಪತ್ತನಾಲ್ಕರಲ್ಲಿ ಆರು ರೂಪಗಳು ಮಾತ್ರ ಉಳಿದವು. ಆ ಆರರಲ್ಲಿ ಯಾವುದೆಂದು ಹೇಳಲು ಕಳೆದುಹೋದ ಕೈಗಳೇ ಬರಬೇಕು. ಕಿರೀಟದ ರೀತಿ, ಸರಗಳ ಅಳತೆ ಕಲ್ಯಾಣ ಚಾಲುಕ್ಯರ ಕಾಲವನ್ನು ಸೂಚಿಸುವಂತಿದ್ದವು. ಕೆಲಸ ಒಳ್ಳೆಯದು, ಅತ್ಯುತ್ತಮವಲ್ಲ. ಮೊಳಕಾಲು ತುಸು ಬಿಗಿ. ಆದರೆ ಶಂಖ ಹಿಡಿದ ಎರಡು ಬೆರಳುಗಳಲ್ಲಿ ಜೀವವಿತ್ತು.

ಪೀಠದ ಅಂಚಿನ ಮೇಲೆ ಬೆರಳಾಡಿಸಿದಾಗ ಎಣ್ಣೆಯ ಜಿಡ್ಡಿನ ಅಡಿಯಲ್ಲಿ ಏನೋ ಗೀರುಗಳು ತಾಕಿದವು. ಅಕ್ಷರಗಳೋ, ಉಳಿಯ ಗುರುತುಗಳೋ ತಿಳಿಯಲಿಲ್ಲ. ಜೊತೆಗಿದ್ದ ಹುಡುಗ ಉತ್ಸಾಹದಿಂದ ತಂತಿಯ ಬ್ರಷ್ಷು ತರಲು ಹೊರಟ. ಅವನನ್ನು ತಡೆಯುವಷ್ಟರಲ್ಲಿ ನನ್ನ ಎದೆ ಹಾರಿತು. ಒಂಬತ್ತು ಶತಮಾನ ಮಳೆಬಿಸಿಲಿಗೆ ಅಳಿಯದ್ದು ತಂತಿಯ ಬ್ರಷ್ಷಿಗೆ ಐದು ನಿಮಿಷದಲ್ಲಿ ಅಳಿಯುತ್ತದೆ.

ಕೊನೆಗೆ ಚೀಟಿ ಬರೆದುಕೊಟ್ಟೆ: ‘ವಿಷ್ಣು. ಬಳಪದ ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದ್ದಿರಬಹುದು. ಕಡೆದವರ ಹೆಸರು ತಿಳಿದಿಲ್ಲ. ಪೀಠವನ್ನು ಕೆರೆಯಬಾರದು, ಬಣ್ಣ ಹಚ್ಚಬಾರದು. ಪ್ರಾಚ್ಯವಸ್ತು ಇಲಾಖೆಗೆ ತಿಳಿಸುವುದು.’ ನೂರು ವರ್ಷಕ್ಕೆ ಮೀರಿದ ಶಿಲ್ಪಗಳಿಗೆ ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯ ರಕ್ಷಣೆಯಿದೆಯೆಂದೂ, ಕೊಳ್ಳುವೆನೆಂದು ಬಂದವರಿಗೆ ಕೊಡಬಾರದೆಂದೂ ಬಾಯಿಂದ ಹೇಳಿದೆ.

ಹಿರಿಯರ ಮುಖ ಸಣ್ಣದಾಯಿತು. “ಹಂಗಾರ ಜಕಣಾಚಾರಿ ಅಲ್ಲೇನ್ರಿ?”

ಅವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಗದುಗಿನ ಕಾಟೋಜನ ಮಗ ನಾಗೋಜ ಬೇಲೂರಿಗೆ ಹೋಗಿ ಕೆಲಸ ಮಾಡಿ ಬಂದ ಕಥೆಯನ್ನು ಹೇಳಿದೆ. ಅವರ ಕಣ್ಣು ಅರಳಿತು.

“ನಮ್ಮ ಗದಗಿನಾಂವ! ಹಂಗಾರ ಇದನ್ನ ಅವನ ಕಡದಿರಬೇಕು ನೋಡ್ರಿ. ಅವನ ಹೆಸರ ಬರಸೂಣಲ್ಲ?”

ಒಂದು ಕ್ಷಣ ನನಗೂ ಆಸೆಯಾಯಿತು. ಕಾಲ ಹೊಂದುತ್ತದೆ, ಕಲ್ಲು ಹೊಂದುತ್ತದೆ, ಊರು ಹತ್ತಿರದ್ದು. ಒಂದು ಸುಳ್ಳು ಹೆಸರನ್ನು ಅಳಿಸಿ ಒಂದು ಒಳ್ಳೆಯ ಹೆಸರನ್ನು ಇಟ್ಟರೆ ತಪ್ಪೇನು? ಆದರೆ ‘ಆಗಿರಬಹುದು’ ಎಂಬುದು ‘ಆಗಿದೆ’ ಎಂದಾಗುವುದು ಇಂತಹ ಕ್ಷಣದಲ್ಲಿಯೇ. ಆ ಜಿಡ್ಡಿನ ಅಡಿಯಲ್ಲಿ ಅಕ್ಷರಗಳಿದ್ದರೆ ಅವು ನಾಗೋಜನವೂ ಅಲ್ಲದೆ, ನಾವು ಯಾರೂ ಕೇಳದ ಮತ್ತೊಬ್ಬನವಾಗಿರಬಹುದು. ಅವನ ಜಾಗವನ್ನು ಬೇರೆಯವರಿಗೆ ಕೊಡಲು ನಾನು ಯಾರು?

“ಬ್ಯಾಡ ಅಜ್ಜಾರ,” ಎಂದೆ. “ಅದರ ಕೆಳಗ ಯಾರದರ ಹೆಸರು ಮೊದಲ ಇದ್ದೀತು. ಓದೂತನಕಾ ಕಾಯೂಣು.”

ಹಿರಿಯರು ಬಹಳ ಹೊತ್ತು ಪೀಠವನ್ನೇ ನೋಡುತ್ತ ನಿಂತರು. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಗೆ ಇಳಿಸಿದರು. “ಆತ್ರಿ,” ಎಂದರು. “ಇಷ್ಟ ವರ್ಷ ಕಾಯ್ದಾನ, ಇನ್ನಷ್ಟು ಕಾಯ್ತಾನ.”

ಮೊನ್ನೆ ಅವರಿಂದ ಸುದ್ದಿ ಬಂದಿತು. ಜಾತ್ರೆ ಚೆನ್ನಾಗಿ ನಡೆಯಿತಂತೆ. ಮೂರ್ತಿಗೆ ಹೂವು ಏರಿಸಿದರಂತೆ, ಬಣ್ಣ ಹಚ್ಚಲಿಲ್ಲವಂತೆ.